ನಷ್ಟವನ್ನು ಮರೆಮಾಚದ ಸೇನಾನಿ

ಯುದ್ಧದ ಕಥನಗಳಲ್ಲಿ ಜಯಕ್ಕೆ ಅಧ್ಯಾಯಗಳು ದೊರೆಯುತ್ತವೆ; ನಷ್ಟಕ್ಕೆ ಒಂದೆರಡು ಸಾಲು. ಈ ರೂಢಿಗೆ ಅಪವಾದವಾದ ಗ್ರಂಥ 1956ರಲ್ಲಿ ಪ್ರಕಟವಾದ ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಅವರ ‘ಡಿಫೀಟ್ ಇನ್‌ಟು ವಿಕ್ಟರಿ’. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದ ಹದಿನಾಲ್ಕನೆಯ ಸೈನ್ಯವನ್ನು ನಡೆಸಿದವರು ಅವರು. ಆ ಸೈನ್ಯದ ಬಹುಪಾಲು ಯೋಧರು ಭಾರತೀಯರಾದುದರಿಂದ ಈ ಗ್ರಂಥ ನಮ್ಮ ಚರಿತ್ರೆಯ ಭಾಗವೂ ಹೌದು.

ಕಥನದ ಆರಂಭವೇ 1942ರ ಸೋಲು. ಬರ್ಮಾದಿಂದ ಭಾರತದ ಗಡಿಯವರೆಗೆ ಸುಮಾರು 900 ಮೈಲಿಗಳ ಹಿಮ್ಮೆಟ್ಟುವಿಕೆ. ಬಿಸಿಲು, ಬಾಯಾರಿಕೆ, ಕೊನೆಗೆ ಮುಂಗಾರಿನ ಮಳೆ. ಇವನ್ನು ಲೇಖಕರು ಅಲಂಕಾರವಿಲ್ಲದೆ ನಿರೂಪಿಸುತ್ತಾರೆ. 1943ರಲ್ಲಿ ಗಾಯಗೊಂಡ ಒಬ್ಬನಿಗೆ ಪ್ರತಿಯಾಗಿ 120 ಮಂದಿ ಕಾಯಿಲೆಯಿಂದ ರಂಗ ಬಿಡಬೇಕಾಯಿತೆಂಬ ಅವರ ಲೆಕ್ಕ ಇಡೀ ಗ್ರಂಥದ ತಿರುಳಿನಂತಿದೆ. ಶತ್ರುವಿಗಿಂತ ಸೊಳ್ಳೆಯೇ ಸೈನ್ಯವನ್ನು ಕರಗಿಸುತ್ತಿತ್ತು. ಸೈನಿಕರು ಮಲೇರಿಯಾ ಮಾತ್ರೆಯನ್ನು ತಪ್ಪದೆ ನುಂಗುವಂತೆ ನೋಡಿಕೊಳ್ಳದ ಮೂವರು ದಳಾಧಿಪತಿಗಳನ್ನು ಅವರು ಪದಚ್ಯುತಗೊಳಿಸಿದರು. ಮೇಲಿನವನ ಅಲಕ್ಷ್ಯಕ್ಕೆ ಕೆಳಗಿನವನು ಪ್ರಾಣ ತೆರಬಾರದೆಂಬ ನ್ಯಾಯ ಇಲ್ಲಿದೆ.

ಆ ನ್ಯಾಯವನ್ನು ಅವರು ತಮಗೂ ಅನ್ವಯಿಸಿಕೊಂಡುದು ಗ್ರಂಥದ ಹಿರಿಮೆ. 1944ರ ಏಪ್ರಿಲ್ ಆರಂಭದಲ್ಲಿ ಕೊಹಿಮಾದ ಮೇಲೆ ಒಂದು ರೆಜಿಮೆಂಟ್ ಬಂದೀತೆಂದು ಎಣಿಸಿದ್ದೆಡೆ ಇಡೀ ಡಿವಿಜನ್ ಬಂದಿತು. ಈ ತಪ್ಪೆಣಿಕೆಯನ್ನು ಅವರು ಅಧೀನರ ಮೇಲೆ ಹೊರಿಸದೆ ತಮ್ಮ ಹೆಸರಿಗೇ ಬರೆದುಕೊಂಡಿದ್ದಾರೆ.

ಎದುರು ಪಕ್ಷದಲ್ಲಿ ನಡೆದುದು ಇದಕ್ಕೆ ವಿರುದ್ಧ. ಜನರಲ್ ಮುತಾಗುಚಿ ಸುಮಾರು ಮೂರು ವಾರಗಳ ಆಹಾರದೊಂದಿಗೆ ಸೈನ್ಯವನ್ನು ಚಿಂದ್ವಿನ್ ನದಿ ದಾಟಿಸಿದರು. ವಾರಗಳು ತಿಂಗಳುಗಳಾದರೂ ಕೊರತೆಯನ್ನು ಒಪ್ಪಿಕೊಳ್ಳಲಿಲ್ಲ. ಹಸಿದ ತನ್ನವರನ್ನು ಉಳಿಸಲು ಜನರಲ್ ಸಾತೊ ಆಜ್ಞೆ ಮೀರಿ ಹಿಂದೆಗೆದರು. ಅದಕ್ಕಾಗಿ ಅವರೇ ಪದವಿ ಕಳೆದುಕೊಂಡರು. ಆ ದಂಡಯಾತ್ರೆಯಲ್ಲಿ ಸತ್ತ ಜಪಾನೀಯರಲ್ಲಿ ಬಹಳಷ್ಟು ಮಂದಿಯನ್ನು ಕೊಂದುದು ಹಸಿವು ಮತ್ತು ರೋಗ.

ಆದರೂ ಸ್ಲಿಮ್ ಅವರ ಲೆಕ್ಕ ಪೂರ್ಣವೆನ್ನಲಾಗದು. 1942ರಲ್ಲಿ ಬರ್ಮಾ ತೊರೆದು ನಡೆದ ಲಕ್ಷಾಂತರ ಭಾರತೀಯ ಕೂಲಿಗಳು, ವ್ಯಾಪಾರಿಗಳು, ಅವರ ಮಕ್ಕಳು, ಹಾಗೆಯೇ ತಮ್ಮ ಊರೇ ರಣರಂಗವಾದ ಕೊಹಿಮಾದ ನಾಗಾ ಕುಟುಂಬಗಳು ಸೇನಾಚಲನೆಯ ಅಂಚಿನಲ್ಲಷ್ಟೇ ಉಳಿಯುತ್ತಾರೆ. ಸೇನಾನಿಯ ಕಣ್ಣು ಸೈನ್ಯದ ಮೇಲಿರುವುದು ಸಹಜ. ಆದರೆ ಶಸ್ತ್ರ ಹಿಡಿಯದವರ ನೋವು ಯಾರ ಖಾತೆಗೂ ಸೇರದಿದ್ದರೆ ಯುದ್ಧದ ಬೆಲೆ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ; ಮುಂದಿನ ಯುದ್ಧ ಸುಲಭವೆನಿಸುತ್ತದೆ.

ಕೊಹಿಮಾದ ಸಮಾಧಿಭೂಮಿಯಲ್ಲಿ ದಹನಸಂಸ್ಕಾರ ಪಡೆದ 917 ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳನ್ನು ಕೆತ್ತಲಾಗಿದೆ. ದಾರಿಯಲ್ಲಿ ಬಿದ್ದ ನಿರಾಶ್ರಿತರಿಗೆ ಅಂತಹ ಶಿಲೆಯಿಲ್ಲ. ಪ್ರಾಮಾಣಿಕ ಲೆಕ್ಕವು ಹಿಂಸೆಯನ್ನು ಶುದ್ಧಗೊಳಿಸಲಾರದು; ಆದರೆ ಲೆಕ್ಕ ಮುಚ್ಚಿಟ್ಟವನು ಅದನ್ನು ಇಮ್ಮಡಿಗೊಳಿಸುತ್ತಾನೆ. ಮನೆಯಾಗಲಿ ಸಂಸ್ಥೆಯಾಗಲಿ, ಹೊಣೆ ಹೊತ್ತವರೆಲ್ಲರೂ ಈ ಗ್ರಂಥದಿಂದ ಕಲಿಯಬೇಕಾದುದು, ಕೊರತೆಯನ್ನು ಕಂಡ ದಿನವೇ ಬರೆದಿಡುವ ಧೈರ್ಯವನ್ನು.