ದಂತ ಭಾಗ್ಯ: ಕಾಗಿನೆಲೆಗೆ ದೂರವಾದ ಹಲ್ಲಿನ ಸೆಟ್ಟು

ಜೋಳದ ರೊಟ್ಟಿ ಉಣ್ಣುವ ಸೀಮೆಯಲ್ಲಿ ಹಲ್ಲು ಹೋದರೆ ಊಟವೇ ಬದಲಾಗುತ್ತದೆ. ಹಾವೇರಿ ಜಿಲ್ಲೆಯ ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಮನೆಗಳಲ್ಲಿ ಬೋಡುಬಾಯಿಯ ಹಿರಿಯರು ಖಟಕ್ ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ನುಂಗುತ್ತಾರೆ. ಶೇಂಗಾ, ಹಸಿ ಸೌತೆಕಾಯಿಯ ಆಸೆ ಬಿಡುತ್ತಾರೆ. ಇಂಥವರಿಗಾಗಿಯೇ ಸಿದ್ದರಾಮಯ್ಯ ಅವರ ಮೊದಲ ಸರ್ಕಾರ (2013–18) ‘ದಂತ ಭಾಗ್ಯ’ ತಂದಿತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ಟು ಉಚಿತ. 60 ವರ್ಷದ ವಯೋಮಿತಿ ಮುಂದೆ 45ಕ್ಕೆ ಇಳಿಯಿತು.

ಬಡವರ ಹಲ್ಲಿಗೂ ಸರ್ಕಾರ ಹಣ ಕೊಡಬೇಕೆಂದು ಒಪ್ಪಿದ್ದು ಈ ಯೋಜನೆಯ ಹೆಚ್ಚುಗಾರಿಕೆ. ರಾಜ್ಯದ ದಂತ ವೈದ್ಯಕೀಯ ಕಾಲೇಜುಗಳಿಗೆ ಕೆಲಸ ವಹಿಸಿದ್ದೂ ಸರಿ. ಲ್ಯಾಬು, ತಜ್ಞರು ಇರುವುದು ಅಲ್ಲಿಯೇ.

ತೊಡಕಿರುವುದು ದಾರಿಯಲ್ಲಿ.

ಹಾವೇರಿ ಜಿಲ್ಲೆಯಲ್ಲಿ ದಂತ ಕಾಲೇಜಿಲ್ಲ. ಹತ್ತಿರದವು ದಾವಣಗೆರೆ, ಇಲ್ಲವೇ ಧಾರವಾಡದಲ್ಲಿವೆ. ಕಾಗಿನೆಲೆಯವರು ಬ್ಯಾಡಗಿಗೋ ಹಾವೇರಿಗೋ ಬಂದು ಬಸ್ಸು ಬದಲಿಸಿ ಹೆದ್ದಾರಿ ಹಿಡಿಯಬೇಕು. ಅದೂ ಒಂದು ಸಲ ಹೋದರೆ ಮುಗಿಯುವುದಿಲ್ಲ. ಮೊದಲು ಒಸಡಿನ ಅಚ್ಚು, ಆಮೇಲೆ ಇನ್ನಷ್ಟು ನಿಖರವಾದ ಅಚ್ಚು, ಮೂರನೆಯ ಸಲ ಎರಡೂ ದವಡೆ ಕೂಡುವ ಅಳತೆ, ಬಳಿಕ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು. ಸಾಮಾನ್ಯವಾಗಿ ಐದನೆಯ ಸಲಕ್ಕೆ ಸೆಟ್ಟು ಕೈಗೆ ಬರುತ್ತದೆ. ಹಳೆಯ ಬೇರು ಕೀಳಬೇಕಿದ್ದರೆ ಗಾಯ ಮಾಯುವವರೆಗೆ ಕಾಯಬೇಕು. ಹೊಸ ಸೆಟ್ಟು ಒತ್ತಿ ಹುಣ್ಣಾದರೆ ಉಜ್ಜಿ ಸರಿಮಾಡಿಸಲು ಮತ್ತೆ ಪ್ರಯಾಣ. ಹೋಗಲಾಗದವರ ಸೆಟ್ಟು ಡಬ್ಬಿಯಲ್ಲೇ ಉಳಿಯುತ್ತದೆ. 2023ರ ಜೂನ್‌ನಲ್ಲಿ ಬಂದ ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಅಜ್ಜಿಯರ ಬಸ್ ಚಾರ್ಜು ಉಳಿಸಿತು. ಆದರೆ ಜೊತೆಗೆ ಹೋಗುವ ಮಗನ ಕೂಲಿ ತಪ್ಪುವುದು ನಿಲ್ಲಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಹಲ್ಲು ಉದುರಿದ ಮೇಲೆ ದಂತ ಭಾಗ್ಯ ಕೈ ಹಿಡಿಯುತ್ತದೆ; ಹುಳುಕು ಹಲ್ಲಿಗೆ ಸಿಮೆಂಟು ತುಂಬಿ ಉಳಿಸಬಹುದಾದ ಹೊತ್ತಿನಲ್ಲಿ ಅಲ್ಲ. ಸಾಮಾನ್ಯವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತ ವೈದ್ಯರ ಹುದ್ದೆಯೇ ಇರುವುದಿಲ್ಲ. ಹಳ್ಳಿಯವರು ನೋವಿಗೆ ಲವಂಗ, ಗುಳಿಗೆ ಎಂದು ದಿನ ದೂಡಿ, ಕೀಳಿಸುವ ಹಂತಕ್ಕೆ ಬಂದಾಗಲೇ ಪಟ್ಟಣಕ್ಕೆ ಹೊರಡುತ್ತಾರೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದರೂ ಅಡಿಕೆ, ತಂಬಾಕು ಜಗಿಯುವ ಚಟ ಬಿಟ್ಟಿಲ್ಲ. ಬಾಯಿ ಕ್ಯಾನ್ಸರಿನ ಮೊದಲ ಗುರುತುಗಳನ್ನು ಹಿಡಿಯುವ ಕಣ್ಣೂ ಊರಲ್ಲಿ ಬೇಕು.

ಪರಿಹಾರ ಕೈಗೆ ಎಟುಕದ್ದೇನಲ್ಲ. ಅಚ್ಚು, ಅಳತೆ, ಹೊಂದಿಸುವ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆದು, ಸೆಟ್ಟು ತಯಾರಿ ಮಾತ್ರ ಕಾಲೇಜಿನ ಲ್ಯಾಬಿಗೆ ಹೋಗಲಿ. ಕಾಗಿನೆಲೆಯಂಥ ಹೋಬಳಿಗೆ ವಾರಕ್ಕೊಂದು ದಿನವಾದರೂ ಹಲ್ಲಿನ ಡಾಕ್ಟರು ಬರಲಿ. ಓಡಾಡಬೇಕಾದದ್ದು ಅಚ್ಚು, ಎಪ್ಪತ್ತರ ಅಜ್ಜನಲ್ಲ. ಆರೋಗ್ಯ ಇಲಾಖೆ ಮುಂದಿನ ಆದೇಶದಲ್ಲಿ ಇಷ್ಟನ್ನು ಸೇರಿಸಬೇಕು.