ಶಬ್ದಾಕುಲಿತವಾದ ಕ್ಷಮೆ

ಭಾದ್ರಪದ ಶುದ್ಧ ಪಂಚಮಿಯಂದು ಉತ್ತಮ ಕ್ಷಮಾಧರ್ಮದಿಂದ ತೊಡಗಿ ಅನಂತ ಚತುರ್ದಶಿಗೆ ಮುಗಿಯುವ ದಶಲಕ್ಷಣ ಪರ್ವದ ಫಲರೂಪವಾಗಿ, ಬಹುಳ ಪಾಡ್ಯದಂದು ನಾವು ಕ್ಷಮಾವಾಣಿಯನ್ನು ಆಚರಿಸುತ್ತೇವೆ. ಈಚಿನ ವರ್ಷಗಳಲ್ಲಿ ಆ ದಿನ ಬೆಳಗಿನ ಅಭಿಷೇಕಕ್ಕೆ ಬಸದಿಗೆ ಹೊರಡುವ ಮೊದಲೇ ಮೊಬೈಲಿನಲ್ಲಿ ಕ್ಷಮಾಯಾಚನೆಯ ಸಂದೇಶಗಳು ರಾಶಿಬಿದ್ದಿರುತ್ತವೆ. ಅವುಗಳನ್ನೂ ಒಂದು ಬಗೆಯ ವಾಙ್ಮಯವೆಂದು ಭಾವಿಸಿ ವಿಮರ್ಶೆಯ ದೃಷ್ಟಿಯಿಂದ ಓದಬೇಕೆಂದು ನನಗೆ ಬಹುದಿನಗಳಿಂದ ಅನಿಸಿತ್ತು.

ಓದಿದಾಗ ಮೊದಲು ಕಾಣುವುದು ಅವುಗಳ ಏಕರೂಪತೆ. ಒಂದು ಕಮಲ, ಜೋಡಿಸಿದ ಎರಡು ಕೈ, ಹಿಂದಿ ಅಥವಾ ಇಂಗ್ಲಿಷಿನ ಒಂದು ವಾಕ್ಯ. ತಿಳಿದೋ ತಿಳಿಯದೆಯೋ ಮನೋವಚನಕಾಯಗಳಿಂದ ನೋವಾಗಿದ್ದರೆ ಕ್ಷಮಿಸಿರಿ ಎಂಬುದು ಅದರ ತಾತ್ಪರ್ಯ. ಯಾರಿಗೆ, ಯಾವಾಗ, ಯಾವ ನೋವು ಎಂಬುದು ಎಲ್ಲಿಯೂ ಇರುವುದಿಲ್ಲ. ‘ಆಗಿದ್ದರೆ’ ಎಂಬ ಪದವಂತೂ ತಪ್ಪನ್ನೇ ಸಂದೇಹಕ್ಕೆ ಒಳಪಡಿಸುತ್ತದೆ. ಹೆಚ್ಚಿನವುಗಳ ಕೆಳಗೆ ಅಂಗಡಿಯ ಹೆಸರೂ ದೂರವಾಣಿ ಸಂಖ್ಯೆಯೂ ಮುದ್ರಿತವಾಗಿರುತ್ತವೆ. ನಾನೂ ವ್ಯಾಪಾರಿಯೇ, ಪ್ರಚಾರದ ಲಾಭವನ್ನು ಅರಿಯದವನಲ್ಲ. ಆದರೆ ಕ್ಷಮೆ ಬೇಡುವ ಪತ್ರದಲ್ಲಿ ಗಿರಾಕಿಯನ್ನು ಕರೆಯುವುದು ನನಗೆ ಸಹಿಸಲಾಗದು. ಟ್ರಸ್ಟುಗಳ ಪರವಾಗಿ ಬರುವ ಸಂದೇಶಗಳಲ್ಲಿ, ಒಂದೇ ಸಭೆಯಲ್ಲಿ ಎದುರುಬದುರು ಕೂರಲೊಲ್ಲದ ಧರ್ಮದರ್ಶಿಗಳ ಹೆಸರುಗಳು ಒಂದೇ ಸಾಲಿನಲ್ಲಿ ಪ್ರೀತಿಯಿಂದ ನಿಂತಿರುತ್ತವೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಸಸ್ಪೆನ್ಸ್ ಖಾತೆ. ಹೆಸರಿಲ್ಲದ, ತಾರೀಖಿಲ್ಲದ, ಮೊಬಲಗಿಲ್ಲದ ಬಾಕಿಯನ್ನು ಅಲ್ಲಿ ತಾತ್ಕಾಲಿಕವಾಗಿ ಇಡಬಹುದೇ ಹೊರತು ವರ್ಷ ವರ್ಷವೂ ಹಾಗೆಯೇ ಮುಂದುವರಿಸಿದರೆ ಲೆಕ್ಕಪರಿಶೋಧಕರು ಒಪ್ಪಲಾರರು.

ನಮ್ಮ ಆಚಾರ್ಯರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮದರ್ಶಿಗಳಾಗಿದ್ದರೆಂಬುದನ್ನು ನೋಡಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಬಿಚ್ಚಿ ಹೇಳುವುದು. ಪ್ರತಿಕ್ರಮಣ ಅದರ ಅನಂತರದ್ದು. ಶಿವಾರ್ಯರ ಭಗವತೀ ಆರಾಧನೆಯು ಆಲೋಚನೆಗೆ ಹತ್ತು ದೋಷಗಳನ್ನು ಎಣಿಸುತ್ತದೆ. (ನಮ್ಮ ವಡ್ಡಾರಾಧನೆಯ 19 ಕಥೆಗಳ ತಲೆಯಲ್ಲಿರುವ ಗಾಹೆಗಳು ಈ ಗ್ರಂಥದವೇ.) ಅನ್ಯರು ಕಂಡ ತಪ್ಪನ್ನು ಮಾತ್ರ ಹೇಳುವುದು ದೃಷ್ಟ, ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುವುದು ಸೂಕ್ಷ್ಮ, ‘ಇಂಥ ತಪ್ಪಿಗೆ ಪ್ರಾಯಶ್ಚಿತ್ತವೇನು’ ಎಂದು ಬೇರೆಯವರದೆಂಬಂತೆ ಕೇಳಿ ತಿಳಿಯುವುದು ಛನ್ನ. ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಶಬ್ದಾಕುಲಿತವೆಂಬ ದೋಷ. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣದ ಸಮಯದಲ್ಲಿ ಸಂಘದ ಎಲ್ಲ ಯತಿಗಳೂ ಒಟ್ಟಿಗೆ ಆಲೋಚನೆ ಮಾಡುವಾಗ ಏಳುವ ಗದ್ದಲದಲ್ಲಿ, ಗುರುವಿಗೆ ಸ್ಪಷ್ಟವಾಗಿ ಕೇಳಿಸದಂತೆ ತನ್ನ ತಪ್ಪನ್ನೂ ಹೇಳಿ ಮುಗಿಸಿಬಿಡುವುದು! ಇದು ಮುನಿಗಳಿಗೆ ವಿಧಿಸಿದ ವಿಚಾರವೆಂಬುದು ನಿಜ. ಶ್ರಾವಕರ ಪರಸ್ಪರ ಕ್ಷಮಾಪಣೆಗೆ ಅದನ್ನು ಅನ್ವಯಿಸುವುದು ನನ್ನ ಸ್ವಂತ ಅಭಿಪ್ರಾಯ. ಆದರೂ ಕ್ಷಮಾವಾಣಿಯ ಬೆಳಗಿನ ವಾಟ್ಸಾಪಿಗೆ ಇದಕ್ಕಿಂತ ತಕ್ಕ ಹೆಸರು ನನಗೆ ತೋಚಿಲ್ಲ.

ಯಂತ್ರದ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದು ನ್ಯಾಯವಲ್ಲ. ಹಿಂದೆ ಮುದ್ರಿತ ಕಾರ್ಡುಗಳಿದ್ದವು. ಅವುಗಳ ಒಕ್ಕಣೆಯೂ ಇಂಥದ್ದೇ. ಆದರೆ ಪ್ರತಿಯೊಂದರ ಮೇಲೂ ವಿಳಾಸವನ್ನು ಕೈಯಾರೆ ಬರೆಯಬೇಕಾಗಿತ್ತು. ಹಾಗೆ ಬರೆಯುವ ಅರ್ಧ ನಿಮಿಷ ಆ ವ್ಯಕ್ತಿ ಕಣ್ಣೆದುರು ಬರುತ್ತಿದ್ದನು. ಕೆಲವು ಹೆಸರುಗಳಲ್ಲಿ ಲೇಖನಿ ನಿಲ್ಲುತ್ತಿತ್ತು. ಇನ್ನು ಪರದೇಶದಲ್ಲಿರುವ ಮಕ್ಕಳು ಮುಖ ಕಾಣುವಂತೆ ಕರೆಮಾಡಿ ಅಜ್ಜಿಯ ಎದುರು ಕೈಮುಗಿಯುವುದನ್ನು ಯಾರು ತಾನೇ ಆಕ್ಷೇಪಿಸಿಯಾರು? ನನ್ನ ಆಕ್ಷೇಪವಿರುವುದು ಪಟ್ಟಿಯ ಬಗ್ಗೆ.

ಆ ಪಟ್ಟಿಯ ವ್ಯವಸ್ಥೆಯನ್ನು ನಾನು ಅರಿತದ್ದು ತಡವಾಗಿ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು. ಮೊನ್ನಿನ ಪಾಡ್ಯದಂದು ಮೊಮ್ಮಗನಿಂದ ಅಂಥ ಪಟ್ಟಿ ಮಾಡಿಸಿ ಒಂದೇ ಒತ್ತಿಗೆ ಎಲ್ಲರ ಕ್ಷಮೆಯನ್ನೂ ಬೇಡಿದೆ. ಸಂಜೆಯೊಳಗೆ ಬಹುಮಂದಿ ಉತ್ತರಿಸಿದರು. ಹಿಂದೆ ನಮ್ಮಲ್ಲಿ ಗುಮಾಸ್ತರಾಗಿದ್ದ ಒಬ್ಬರು ಮಾತ್ರ ಉತ್ತರಿಸಲಿಲ್ಲ. ಕ್ಷಮೆ ಕೇಳಿದರೂ ಸೌಜನ್ಯವಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂದಿತು. ಆಗ ಮೊಮ್ಮಗ ಹೇಳಿದ: “ಅಜ್ಜ, ಅವರ ಫೋನಿನಲ್ಲಿ ನಿಮ್ಮ ನಂಬರು ಇದ್ದರೆ ಮಾತ್ರ ಇದು ಹೋಗುತ್ತದೆ. ಅವರು ಅಳಿಸಿಹಾಕಿರಬಹುದು.”

ಅಂದರೆ ನಮ್ಮ ಮೇಲಿನ ನೋವಿನಿಂದ ನಮ್ಮ ಸಂಖ್ಯೆಯನ್ನೇ ಅಳಿಸಿದವನಿಗೆ ಈ ಕ್ಷಮಾವಾಣಿ ತಲಪುವುದೇ ಇಲ್ಲ; ತಲಪಲಿಲ್ಲವೆಂದು ಕಳುಹಿಸಿದವನಿಗೆ ಯಾರೂ ಬಂದು ಹೇಳುವುದೂ ಇಲ್ಲ.

ಹಲವು ವರ್ಷಗಳ ಹಿಂದೆ ಗಲ್ಲಾಪೆಟ್ಟಿಗೆಯಲ್ಲಿ 4,200 ರೂಪಾಯಿ ಕಡಮೆ ಬಂದಾಗ ಗಿರಾಕಿಗಳ ಎದುರಿಗೇ ಅವರನ್ನು ಅನುಮಾನಿಸಿ ನುಡಿದಿದ್ದೆ. ನಾಲ್ಕು ದಿನಗಳ ಮೇಲೆ, ಲಾರಿ ಬಾಡಿಗೆ ಕೊಟ್ಟು ಕಿರ್ದಿಯಲ್ಲಿ ಬರೆಯದೆ ಮರೆತವನು ನಾನೇ ಎಂದು ತಿಳಿಯಿತು. ಕಿರ್ದಿಯನ್ನು ತಿದ್ದಿದೆ, ಆಡಿದ ಮಾತನ್ನು ತಿದ್ದಲಿಲ್ಲ. ಅವರು ಆ ತಿಂಗಳೇ ಕೆಲಸ ಬಿಟ್ಟರು.

ಮರುದಿನ ಅವರ ಮನೆಗೆ ಹೋದೆ. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ನಾನು ತಾರೀಖು ಸಹಿತ ಎಲ್ಲವನ್ನೂ ಹೇಳಿ ಕೈಮುಗಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಹುಕಾರರೇ, ಹಣದ ಮಾತು ಹೋಗಲಿ. ಅಂದು ನನಗೆ ಬುತ್ತಿ ತಂದ ಮಗ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಅದು ನಿಮಗೆ ನೆನಪಿದೆಯೇ?” ಎಂದರು.

ನನಗೆ ನೆನಪಿರಲಿಲ್ಲ. ಆ ಮಗ ಈಗ ಪುಣೆಯಲ್ಲಿದ್ದಾನೆ. ಅವನ ವಿಳಾಸವನ್ನು ಕೇಳಿ ಬರೆದುಕೊಂಡು ಬಂದೆ.