ವಿದ್ಯೆ, ಮಾಯೆ ಮತ್ತು ನಾಗಚಂದ್ರನ ರಾವಣ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ರಾಮಾಯಣ ಪಟ್ಟಿಕೆಯಲ್ಲಿ ವಾನರರು ಕಪಿರೂಪದವರು. ಅಲ್ಲಿಂದ ಅನತಿದೂರದ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿಯನ್ನೂ ಶಾಂತಿನಾಥ ಬಸದಿಯನ್ನೂ ದರ್ಶಿಸಿದ ಜೈನ ಮಕ್ಕಳು ಕೇಳುವುದುಂಟು: ನಮ್ಮ ಪುರಾಣದ ವಾನರರೂ ಇವರೇ ಏನು? ಅಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ವಾನರವೆಂಬುದು ಕಪಿಧ್ವಜವುಳ್ಳ ವಿದ್ಯಾಧರ ವಂಶ; ರಾಕ್ಷಸವೂ ಒಂದು ವಂಶವೇ.

ಆ ಲೋಕದಲ್ಲಿ ‘ವಿದ್ಯೆ’ಯ ಅರ್ಥವೂ ಬೇರೆ. ಅದು ಶಾಲೆಯ ಓದಲ್ಲ, ಇಂದ್ರಜಾಲವೂ ಅಲ್ಲ. ನಿಯಮದಿಂದ ಸಾಧಿಸಬೇಕಾದ ಶಕ್ತಿ. ರಾವಣನು ಶಾಂತಿನಾಥ ಜಿನಾಲಯದಲ್ಲಿ ಅಚಲನಾಗಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಪಡೆಯುತ್ತಾನೆ. ಕಥೆಯನ್ನು ಸರಳಗನ್ನಡದಲ್ಲಿ ಹೇಳುವವರು ಇದನ್ನು ‘ಮಾಯಾಶಕ್ತಿ’ ಎಂದುಬಿಡುತ್ತಾರೆ. ಇದು ಸಣ್ಣ ತಪ್ಪಲ್ಲ. ಜೈನಶಾಸ್ತ್ರದಲ್ಲಿ ಮಾಯೆಯೆಂದರೆ ಕ್ರೋಧ, ಮಾನ, ಲೋಭಗಳೊಡನೆ ಎಣಿಸುವ ಕಷಾಯ, ಅಂದರೆ ವಂಚನೆ. (ಅಂಗಡಿಯ ತಕ್ಕಡಿಯಲ್ಲಿ ಮಾಡುವ ಮೋಸಕ್ಕೂ ಅದೇ ಹೆಸರು.) ಸುಳ್ಳು ಸಿಂಹನಾದದಿಂದ ರಾಮನನ್ನು ದೂರ ಸರಿಸಿ ಸೀತೆಯನ್ನು ಒಯ್ದದ್ದು ಮಾಯೆ, ಜಿನಾಲಯದಲ್ಲಿ ಸಾಧಿಸಿದ್ದು ವಿದ್ಯೆ. ಎರಡಕ್ಕೂ ಒಂದೇ ಮಾತಾದರೆ ರಾವಣನು ಬರಿಯ ಮಾಂತ್ರಿಕನಾಗುತ್ತಾನೆ, ಮುಂದಿನ ಪ್ರಸಂಗದ ಪ್ರಾಣವೇ ಹೋಗುತ್ತದೆ.

ಆ ಪ್ರಸಂಗವೇ ಕಾವ್ಯದ ತಿರುಳು. ವಿದ್ಯೆ ಕೈಗೂಡಿದ ಮೇಲೆ ರಾವಣನು ಸೀತೆಯ ಬಳಿಗೆ ಬರುತ್ತಾನೆ. ಅವಳು ಮೂರ್ಛೆಹೋದುದನ್ನು ಕಂಡು ಅವನಿಗೆ ತನ್ನ ಮೇಲೆಯೇ ಜುಗುಪ್ಸೆಯಾಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಲೋಕವು ತನ್ನನ್ನು ಹೇಡಿಯೆನ್ನುವುದೆಂದು ಬಗೆದು, ಮೊದಲು ರಾಮಲಕ್ಷ್ಮಣರನ್ನು ಗೆದ್ದು, ಆಮೇಲೆ ಸೀತೆಯನ್ನು ಹಿಂದಿರುಗಿಸುವೆನೆಂದು ನಿಶ್ಚಯಿಸುತ್ತಾನೆ.